ನಾಲ್ಕು ಊರು ಸುತ್ತಿದ ಜೋಡಿ ಬಳೆ

ನನ್ನ ದಡ್ಡತನವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೇಗೂ ಅಕ್ಕ ಎಲ್ಲರಿಗೂ ಹೇಳುತ್ತಾಳೆ, ಅದೂ ಉಪ್ಪುಖಾರ ಹಚ್ಚಿ. ಒಡವೆ ಅಂಗಡಿಯ ಮ್ಯಾನೇಜರನ ದನಿಯಲ್ಲಿ ನಾನು ನನ್ನ ಸ್ವಂತ ಅಮ್ಮನಿಗೆ ಫೋನ್ ಮಾಡಿದೆ. ಸ್ನೇಹಿತನ ಮೊಬೈಲಿನಿಂದ, ಗಂಟಲನ್ನು ಒಂಚೂರು ಒಳಕ್ಕೆ ಎಳೆದುಕೊಂಡು, ಪ್ರತಿ ಮಾತಿನ ಬಾಲಕ್ಕೂ ಒಂದು ಮೇಡಂ ಕಟ್ಟಿ.

"ಮೇಡಂ, ನೀವು ಕೇಳಿದ ಹಾಗೇ ಮಾಡಿಕೊಡ್ತೀವಿ ಮೇಡಂ. ನಿಮ್ಮ ತಾಯಿಯವರ ಬಳೇನೇ ಕರಗಿಸಿ, ಅದೇ ಚಿನ್ನದಲ್ಲಿ ನಿಮ್ಮ ಮಗಳಿಗೆ ಸರ ಮಾಡಿಕೊಡ್ತೀವಿ ಮೇಡಂ."

ಅಂಗಡಿಯವರು ಹಾಗೆ ಹೇಳಿರಲಿಲ್ಲ. ಹೇಳುವವರೂ ಅಲ್ಲ. ಅಮ್ಮ ನಂಬಿ ಬಳೆ ಕೊಟ್ಟುಬಿಟ್ಟರೆ ಅವರು ಯಾವ ಚಿನ್ನದ ಸರ ಕೊಟ್ಟರೂ ಅವಳಿಗೆ ಗೊತ್ತಾಗುವುದಿಲ್ಲ, ನಾನು ಇನ್ನೊಂದು ಸಲ ಬಸ್ಸು ಹತ್ತುವುದು ತಪ್ಪುತ್ತದೆ ಎಂದು ನನ್ನ ಎಣಿಕೆ.

ಅಮ್ಮ ಪೂರ್ತಿ ಕೇಳಿಸಿಕೊಂಡಳು. "ಸರಿ ಸ್ವಾಮಿ" ಎಂದಳು. ಆಹಾ, ಗೆದ್ದೆ ಎಂದುಕೊಳ್ಳುವಷ್ಟರಲ್ಲಿ, "ಬರ್ತಾ ಕೊತ್ತಂಬರಿ ಸೊಪ್ಪು ತಗೊಂಡ್ ಬಾ. ನಿನ್ನೇನೂ ಮರೆತೆ" ಎಂದು ಫೋನ್ ಇಟ್ಟಳು.

ಕೆಲಸ ನನ್ನದು ಚಿಕ್ಕಬಳ್ಳಾಪುರದ ಒಂದು ಬೈಕ್ ಶೋರೂಮಿನಲ್ಲಿ. ಆದರೆ ಕಳವಾರದ ದಾರಿಯಲ್ಲಿರುವ ನಮ್ಮೂರಿನ ಜನ ನನ್ನನ್ನು ಗುರುತಿಸುವುದು ಬೇರೆಯವರ ದನಿಗಳಿಂದ. ಹಾಲಿನ ಡೈರಿಯ ಕಾರ್ಯದರ್ಶಿ, ಶನಿವಾರ ಬೆಟ್ಟ ಹತ್ತಲು ಬಂದು ಏದುಸಿರಿನಲ್ಲಿ "ಬ್ರೋ, ಇನ್ನೂ ಎಷ್ಟು ದೂರ ಬ್ರೋ" ಎನ್ನುವವರು, ಸಿಟ್ಟು ಬಂದಾಗಿನ ಅಪ್ಪ, ಸಿಟ್ಟು ಬಂದಿಲ್ಲ ಎಂದು ತೋರಿಸಿಕೊಳ್ಳುವಾಗಿನ ಅಪ್ಪ, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದಾರೆ. ನನ್ನ ಸ್ವಂತ ದನಿಯನ್ನು ಒಮ್ಮೆ ರೆಕಾರ್ಡ್ ಮಾಡಿ ಕೇಳಿದೆ. ನೆಗಡಿಯಾದ ಕಂಡಕ್ಟರ್ ಒಬ್ಬ ಚಿಲ್ಲರೆ ಕೇಳುತ್ತಿದ್ದಂತಿತ್ತು. ಆಮೇಲೆ ಆ ಗೋಜಿಗೆ ಹೋಗಲಿಲ್ಲ.

ಇಷ್ಟೆಲ್ಲ ಆದದ್ದು ಒಂದು ಜೊತೆ ಬಳೆಯಿಂದ. ಅಮ್ಮನ ಅಮ್ಮ, ಅಂದರೆ ನಮ್ಮಜ್ಜಿ, ಚಿಂತಾಮಣಿ ಕಡೆ ಅಂಬಾಜಿದುರ್ಗದ ಹತ್ತಿರದ ಹಳ್ಳಿಯವಳು. ಹೋದ ವರ್ಷ ತೀರಿಕೊಂಡಳು. ಕೈಯಲ್ಲಿದ್ದ ದಪ್ಪನೆಯ ಜೋಡಿ ಬಳೆ ಅಮ್ಮನಿಗೆ ಬಂತು. ಈಗ ಅಕ್ಕನಿಗೆ ಮದುವೆ ಗೊತ್ತಾಗಿದೆ. ಅಜ್ಜಿಯ ಕಡೆಯ ಪದ್ಧತಿ ಏನೆಂದರೆ, ಮನೆಯ ಹೆಣ್ಣುಮಗಳಿಗೆ ಮದುವೆಯಾಗುವಾಗ ಹಿಂದಿನವರ ಒಡವೆಯನ್ನು ಕರಗಿಸಿ ಅವಳಿಗೆ ಬೇಕಾದ್ದನ್ನು ಮಾಡಿಸಬೇಕು. ಆ ಬಳೆಗಳೂ ಹಿಂದೆ ಅಜ್ಜಿಯ ಅಮ್ಮನ ಕಾಸಿನ ಸರವಾಗಿದ್ದವಂತೆ. ಅದಕ್ಕೂ ಮೊದಲು ಏನಾಗಿತ್ತೋ ಹೇಳುವವರು ಈಗ ಇಲ್ಲ. ಆಕಾರ ಏನಾದರೂ ಆಗಲಿ, ಅಡ್ಡಿಯಿಲ್ಲ. ಆದರೆ ಚಿನ್ನ ಅದೇ ಆಗಿರಬೇಕು. ಕರಗಿಸುವಾಗ ಮದುವಣಗಿತ್ತಿಯ ತಾಯಿ ಎದುರಿಗೇ ಕೂತು, ಅದು ಆರುವ ತನಕ ನೋಡಬೇಕು. ತನ್ನದೂ ಒಂದು ಚೂರು ಅದಕ್ಕೆ ಸೇರಿಸಬೇಕು. ಅಮ್ಮ ಅದಕ್ಕೆಂದು ಒಂಟಿ ಜುಮುಕಿಯೊಂದನ್ನು ಎತ್ತಿಟ್ಟಿದ್ದಳು. ಅದರ ಜೊತೆಯದು ಯಾವುದೋ ಮದುವೆಯಲ್ಲಿ ಕಳೆದುಹೋಗಿತ್ತು.

ಕೇಳಲು ಇದು ತುಂಬಾ ಸುಲಭದ ಕೆಲಸ. ನಾನೂ ಹಾಗೇ ಅಂದುಕೊಂಡು, "ನಾನು ಕರ್ಕೊಂಡು ಹೋಗ್ತೀನಿ ನಡಿಯಮ್ಮ" ಎಂದು ದೊಡ್ಡಸ್ತಿಕೆ ತೋರಿಸಿದೆ.

ಮೊದಲು ಚಿಕ್ಕಬಳ್ಳಾಪುರ. ಅಲ್ಲಿನ ಅಂಗಡಿಯಲ್ಲಿ ಬಾಗಿಲು ತೆಗೆಯುವುದಕ್ಕೇ ಒಬ್ಬರನ್ನು ಇಟ್ಟಿದ್ದರು. ಒಳಗೆ ಎಸಿ ಎಷ್ಟು ತಣ್ಣಗಿತ್ತೆಂದರೆ ಅಮ್ಮ ಸೆರಗನ್ನು ಕಿವಿಯವರೆಗೆ ಎಳೆದುಕೊಂಡಳು. ನನ್ನ ಗಂಟಲಿಗೆ ಆಮೇಲೆ ಬಂದು ಸೇರಿದ ಮ್ಯಾನೇಜರ್ ಇವರೇ. ಬಾದಾಮಿ ಹಾಲು ತರಿಸಿದರು. ಬಳೆಗಳನ್ನು ಪ್ರಿಂಟರಿನಂಥ ಒಂದು ಮಿಷನ್ನಿನೊಳಗಿಟ್ಟು ಮುಚ್ಚಳ ಹಾಕಿದರು, ಚಿನ್ನ ಎಷ್ಟು ಶುದ್ಧ ಎಂದು ನೋಡಲು. ಮುಚ್ಚಳ ಬಿದ್ದದ್ದೇ ಅಮ್ಮ ಎದ್ದು ನಿಂತಳು. ತೆಗೆಯುವವರೆಗೂ ಕೂರಲಿಲ್ಲ. ಅಜ್ಜಿಯನ್ನು ಸ್ಕ್ಯಾನಿಂಗಿಗೆ ಒಳಗೆ ಕರೆದುಕೊಂಡು ಹೋದಾಗಲೂ ಅವಳು ಹೀಗೇ ನಿಂತಿದ್ದಳು.

"ಎಕ್ಸ್‌ಚೇಂಜ್ ಆಫರ್ ಇದೆ ಮೇಡಂ. ಹಳೇದು ಕೊಡಿ, ಹೊಸ ಸರ ಹಾಕ್ಕೊಂಡು ಇವತ್ತೇ ಮನೆಗೆ ಹೋಗಿ."

"ಇದನ್ನೇ ಕರಗಿಸಿ ಮಾಡಿಕೊಡಲ್ವಾ?"

"ಚಿನ್ನದ ಮೇಲೆ ಹೆಸರು ಬರೆದಿರುತ್ತಾ ಮೇಡಂ? ನಿಮ್ದು ಆ ಕಡೆ ಹೋಗುತ್ತೆ, ಬೇರೆದು ಈ ಕಡೆ ಬರುತ್ತೆ. ಎಲ್ಲಾ ಚಿನ್ನಾನೂ ಒಂದೇ ಅಲ್ವಾ?"

"ಎಲ್ಲಾ ಮಕ್ಕಳೂ ಒಂದೇ ಅಲ್ವಾ ಸ್ವಾಮಿ" ಎಂದಳು ಅಮ್ಮ. "ಹಂಗಂತ ಸ್ಕೂಲ್ ಬಿಟ್ಟಾಗ ಕೈಗೆ ಸಿಕ್ಕಿದ ಮಗೂನ ಮನೆಗೆ ಕರ್ಕೊಂಡು ಬರ್ತೀರಾ?"

ಮ್ಯಾನೇಜರ್ ಜೋರಾಗಿ ನಕ್ಕು ಇನ್ನೊಂದು ಬಾದಾಮಿ ಹಾಲು ತರಿಸಿದರು. ಕೆಲಸ ಮಾತ್ರ ಆಗಲಿಲ್ಲ. ಎರಡನೆಯ ಹಾಲನ್ನು ನಾನೇ ಕುಡಿದೆ.

ಆಮೇಲೆ ಗೌರಿಬಿದನೂರು. ಅಪ್ಪನಿಗೆ ಪರಿಚಯದವರ ಅಂಗಡಿ ಅಲ್ಲಿತ್ತು, ಅಕ್ಕನ ಆಫೀಸೂ ಅದೇ ಊರಿನಲ್ಲಿ. ಅಂಗಡಿಯವರು ಒಳ್ಳೆಯವರೇ. ಕರಗಿಸುತ್ತೇವೆ, ಆದರೆ ಇಲ್ಲಲ್ಲ, ಬೆಂಗಳೂರಿಗೆ ಕಳಿಸುತ್ತೇವೆ ಎಂದರು.

"ಹಂಗಾದ್ರೆ ನಾನೂ ಬರ್ತೀನಿ. ಒಂದು ಮೂಲೇಲಿ ಕೂತ್ಕೊಂಡಿರ್ತೀನಿ."

"ಅಲ್ಲಿಗೆ ಯಾರನ್ನೂ ಬಿಡಲ್ಲ ಕಣಮ್ಮ. ನನ್ನೇ ಬಿಡಲ್ಲ."

ಅಕ್ಕ ಊಟದ ಹೊತ್ತಿನಲ್ಲಿ ಡಬ್ಬಿ ಹಿಡಿದುಕೊಂಡೇ ಬಂದಳು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮೂವರೂ ಕೂತೆವು. ಬಿಸಿಲಿಗೆ ಕಲ್ಲು ಕಾದು ಹಂಚಾಗಿತ್ತು.

"ಅಮ್ಮ, ನಂಗೆ ಆಫೀಸಿಗೆ ಹಾಕ್ಕೊಳೋ ಥರ ಒಂದು ಸಣ್ಣ ಸರ ಸಾಕು. ಹಾಲ್‌ಮಾರ್ಕ್ ಸೀಲ್ ಇರ್ಲಿ. ಯಾವ ಚಿನ್ನ ಆದ್ರೇನಮ್ಮ? ಯಾಕ್ ಹಿಂಗೆ ಬಿಸಿಲಲ್ಲಿ ಅಲೀತೀಯ?"

ಅಮ್ಮ ಡಬ್ಬಿಯೊಳಗೆ ಬಗ್ಗಿ ನೋಡಿ, "ಇಷ್ಟೇನಾ ತಿನ್ನೋದು ನೀನು?" ಎಂದಳು.

ನಾನು ನಡುವೆ ಬಾಯಿ ಹಾಕಿ ಮ್ಯಾನೇಜರನ ದನಿ ತೆಗೆದೆ. ಅಕ್ಕ, "ಲೋ, ಮುಚ್ಚೋ ಸಾಕು" ಎಂದಳು. ಅವಳ ದನಿಯಲ್ಲಿ ಆಟವಿರಲಿಲ್ಲ. ಮುಚ್ಚಿದೆ.

ಮೂರನೆಯದು ಚಿಂತಾಮಣಿ. ಅಜ್ಜಿಗೆ ಆ ಬಳೆಗಳನ್ನು ಮಾಡಿಕೊಟ್ಟಿದ್ದ ಅಂಗಡಿಯೇ ಅಲ್ಲಿದೆ ಎಂದು ಅಮ್ಮ ಬೆಳಗಿನಿಂದ ಹುರುಪಿನಲ್ಲಿದ್ದಳು. ಹೋಗಿ ನೋಡಿದರೆ ಮಾಡಿದವರು ಹಾರ ಹಾಕಿಸಿಕೊಂಡು ಗೋಡೆಯ ಮೇಲಿದ್ದರು. ಕೆಳಗೆ ಅವರ ಮಗ ಕೂತಿದ್ದ. ಬಳೆಯನ್ನು ತಿರುಗಿಸಿ, ಅಪ್ಪನ ಕೆಲಸದ ಗುರುತು ಹಿಡಿದು, ಕಣ್ಣಿಗೊತ್ತಿಕೊಂಡ. ಈಗ ಕೆಲಸ ಆಯಿತು ಎಂದುಕೊಂಡೆ ನಾನು.

"ಏಮ್ ಚೇಸೇದಿ ಅಕ್ಕಾ" ಎಂದು ತೆಲುಗಿನಲ್ಲೇ ಶುರುಮಾಡಿದ. "ಏನ್ ಮಾಡೋದು ಹೇಳಿ. ನಮ್ಮ ನಾಯ್ನ ಇದ್ದಾಗ ಹಿಂದ್ಗಡೆ ನಾಲ್ಕು ಜನ ಕೂತು ಕೆಲಸ ಮಾಡ್ತಿದ್ರು. ಈಗ ಆ ಜಾಗದಲ್ಲಿ ಜೆರಾಕ್ಸ್ ಅಂಗಡಿ. ನನಗೆ ಮಾರೋಕ್ ಬರುತ್ತೆ, ಮಾಡೋಕ್ ಬರಲ್ಲ."

ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟಿರಲಿಲ್ಲ. ಅಮ್ಮ ಬಳೆಯ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅದರ ಮೇಲೊಂದು ಕೈ ಇಟ್ಟು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದಳು. ಶಿಡ್ಲಘಟ್ಟ ದಾಟುವ ಹೊತ್ತಿಗೆ ನಿಂತಲ್ಲೇ ಕಣ್ಣು ಮುಚ್ಚಿದ್ದಳು. ನಾನು ಅವಳ ಬ್ಯಾಗನ್ನೂ ನನ್ನ ಬ್ಯಾಗನ್ನೂ ಹಿಡಿದುಕೊಂಡು, ಇನ್ನು ನನ್ನ ಕೈಲಾಗುವುದಿಲ್ಲ ಎಂದುಕೊಂಡೆ. ಮನೆಗೆ ಹೋದರೆ ಅಪ್ಪನದು ಬೇರೆ: "ನೀವು ಕೊಟ್ಟಿರೋ ಬಸ್ ಚಾರ್ಜಿಗೆ ಒಂದು ಮೂಗುಬೊಟ್ಟು ಬರ್ತಿತ್ತು ಕಣ್ರೋ." ಅದೇ ವಾರ ಸ್ನೇಹಿತನ ಮೊಬೈಲ್ ತೆಗೆದುಕೊಂಡು ಮ್ಯಾನೇಜರ್ ಆದದ್ದು.

ಆ ಸಂಜೆ ಕೊತ್ತಂಬರಿ ಸೊಪ್ಪು ಹಿಡಿದುಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದೆ. ಅಮ್ಮ ಬೈಯಲಿಲ್ಲ. ಸೊಪ್ಪಿನ ಬೇರು ಕತ್ತರಿಸುತ್ತಾ, "ಎಲ್ರ ಥರಾನೂ ಮಾತಾಡ್ತೀಯಲ್ಲ, ನಮ್ಮಮ್ಮನ ಥರ ಮಾತಾಡು ನೋಡಣ" ಎಂದಳು.

ಅಜ್ಜಿ ಬದುಕಿದ್ದಾಗ ಅವಳೆದುರೇ ಎಷ್ಟೋ ಸಲ ಮಾಡಿ ಅವಳ ಕೈಲಿ ಹೊಡೆಸಿಕೊಂಡಿದ್ದೆ. ಹೋದ ಮೇಲೆ ಮಾಡಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಅವಳ ಹಾಗೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, "ಏಮಿರಾ ನಾಯನಾ, ಊಟ ಆಯ್ತೇನಾ?" ಎಂದೆ. ಅಷ್ಟೇ. ಅದು ಎಷ್ಟು ಸರಿಯಾಗಿ ಬಂತೆಂದರೆ ನನಗೇ ಮುಂದೆ ಹೋಗುವ ಧೈರ್ಯ ಬರಲಿಲ್ಲ. ಅಮ್ಮ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಹೆಚ್ಚಿ ಮುಗಿದ ಮೇಲೆ ಹೇಳಿದಳು:

"ಶಿಡ್ಲಘಟ್ಟದಲ್ಲಿ ಚಿನ್ನದ ಕೆಲಸದ ಆಚಾರ್ರು ಒಬ್ಬರು ಇದ್ದಾರಂತೆ. ರೇಷ್ಮೆ ಗೂಡು ಮಾರೋಕೆ ಹೋದಾಗ ನಿಮ್ಮಪ್ಪ ಕೇಳ್ಕೊಂಡು ಬಂದವ್ರೆ. ಇದೊಂದೂರು ನೋಡಣ ಕಣಪ್ಪ. ಆಗ್ಲಿಲ್ಲ ಅಂದ್ರೆ ನಿನ್ನ ಮ್ಯಾನೇಜರಿಗೇ ಕೊಡಣ."

ಭಾನುವಾರ ಹೋದೆವು. "ನಾನೇ ಬಂದು ಇದನ್ನ ಮುಗಿಸ್ತೀನಿ" ಎಂದು ಅಕ್ಕನೂ ಜೊತೆಗೆ ಬಂದಳು. ಮುಗಿಸುವುದು ಎಂದರೆ ಅಮ್ಮನ ಹಟವನ್ನು. ರೇಷ್ಮೆ ಗೂಡು ಬೇಯಿಸುವ ವಾಸನೆ ಬೀದಿಯುದ್ದಕ್ಕೂ ನಮ್ಮ ಜೊತೆಗೇ ನಡೆದುಬಂತು. ಆಚಾರ್ರ ಅಂಗಡಿಯೆಂದರೆ ಮನೆಯ ಮುಂದಿನ ಜಗಲಿಗೆ ಶಟರ್ ಹಾಕಿದ ಜಾಗ. ಒಳಗೆ ಮೂವರು ಕೂತರೆ ನಾಲ್ಕನೆಯವನು ಬೀದಿಯಲ್ಲಿ. ನಾಲ್ಕನೆಯವನು ನಾನು. ಆಚಾರ್ರು ಮೊಬೈಲಿನಲ್ಲಿ ಯಾರೋ ಮುದ್ದೆ ಮಾಡುವ ವಿಡಿಯೋ ನೋಡುತ್ತಿದ್ದರು. ನಿಲ್ಲಿಸಲು ಮನಸ್ಸಿರಲಿಲ್ಲ.

"ಹೊಸದಾಗಿ ಮಾಡೋದು ಬಿಟ್ಟು ಬಹಳ ದಿನ ಆಯ್ತಮ್ಮ. ಕಿವಿ ಚುಚ್ತೀನಿ, ಕೊಂಡಿ ಹಾಕ್ತೀನಿ. ಕಣ್ಣು ಬೇರೆ ನೀರಾಡುತ್ತೆ."

ಅಮ್ಮ ವಾದ ಮಾಡಲಿಲ್ಲ. ಗಂಟು ಬಿಚ್ಚಿ ಬಳೆ, ಒಂಟಿ ಜುಮುಕಿ ಎರಡನ್ನೂ ಹಲಗೆಯ ಮೇಲಿಟ್ಟಳು. ಮೂರು ಊರಿನಲ್ಲಿ ಕೇಳಿದ ಪ್ರಶ್ನೆಯನ್ನು ಮತ್ತೆ ಕೇಳುವಷ್ಟು ದನಿ ಅವಳಲ್ಲಿ ಉಳಿದಂತಿರಲಿಲ್ಲ. ನಾನೇ ಕೇಳಿದೆ, ನೆಗಡಿಯಾದ ಕಂಡಕ್ಟರನ ನನ್ನದೇ ದನಿಯಲ್ಲಿ: ಇದನ್ನೇ ಕರಗಿಸಬೇಕು, ಇಲ್ಲೇ, ಅಮ್ಮನ ಎದುರಿಗೆ, ಇದರಲ್ಲೇ ಅಕ್ಕನಿಗೆ ಸರ ಆಗಬೇಕು, ಆಗುತ್ತಾ?

ಆಚಾರ್ರು ಮೊಬೈಲನ್ನು ಮಗುಚಿಟ್ಟು ಬಳೆಯನ್ನು ಬೆರಳಿನಿಂದ ತಟ್ಟಿದರು. "ಒಳಗೆ ಅರಗು ತುಂಬಿದ್ದಾರೆ. ಅದು ಉರಿದುಹೋಗುತ್ತೆ. ಕಂಡಷ್ಟು ಚಿನ್ನ ಕೈಗೆ ಬರಲ್ಲ."

"ಗೊತ್ತು" ಎಂದಳು ಅಮ್ಮ.

"ಇಲ್ಲೇ ಕರಗಿಸ್ತೀನಿ, ನೀವು ಕೂತು ನೋಡಿ. ಆದ್ರೆ ಸೀಲ್ ಬರಲ್ಲ. ಹಳೇ ಚಿನ್ನ, ಬೆಸುಗೆ ಎಲ್ಲಾ ಸೇರ್ಕೊಂಡಿದೆ. ಸೀಲ್ ಬೇಕು ಅಂದ್ರೆ ಶುದ್ಧ ಮಾಡೋಕೆ ಹೊರಗೆ ಕಳಿಸ್ಬೇಕು. ಅಲ್ಲಿ ಹತ್ತು ಮನೆಯದು ಒಟ್ಟಿಗೇ ಕರಗಿಸ್ತಾರೆ, ಯಾರದು ಯಾರಿಗೆ ಬಂತೋ ಹೇಳೋಕಾಗಲ್ಲ. ಎರಡರಲ್ಲಿ ಒಂದು ನೋಡ್ಕೊಳ್ಳಿ." ಆಮೇಲೆ ಅಕ್ಕನನ್ನೊಮ್ಮೆ ನೋಡಿ, ಅಮ್ಮನಿಗೆ ದನಿ ತಗ್ಗಿಸಿ ಹೇಳಿದರು. "ಮದುವೆ ಹೆಣ್ಣು ಅಂತೀರ. ಈಗಿನವ್ರು ಸರ ಮುಟ್ಟಿ, ತಿರುಗಿಸಿ, ಸೀಲ್ ಎಲ್ಲಿ ಅಂತ ನೋಡ್ತಾರಮ್ಮ. ನಾಳೆ ಗಂಡಿನ ಕಡೆಯವ್ರು ಒಂದು ಮಾತು ಅಂದ್ರೆ ಬೇಜಾರು."

ಮೂರು ಊರು, ಅಷ್ಟು ಬಸ್ಸು, ಅಪ್ಪನ ಕೊಂಕು, ನನ್ನ ನಾಟಕ, ಇವು ಯಾವುದಕ್ಕೂ ಬಗ್ಗದಿದ್ದ ಅಮ್ಮ ಆ ಒಂದು ಮಾತಿಗೆ ಬಗ್ಗಿದಳು. ಹಲಗೆಯ ಮೇಲಿದ್ದುದನ್ನು ಒಂದೊಂದಾಗಿ ಎತ್ತಿ ಮತ್ತೆ ಬಟ್ಟೆಗೆ ಹಾಕತೊಡಗಿದಳು. "ಬೇಡ ಬಿಡಿ. ನಮ್ಮಮ್ಮನ ಚಿನ್ನ ಅಂತ ಮಗೂಗೆ ಮಾತು ತರೋದ್ಯಾಕೆ. ಅಂಗಡಿಗೇ ಕೊಡಣ ನಡಿಯೋ" ಎಂದಳು ನನಗೆ. ಗಂಟು ಹಾಕಲು ಹೋದರೆ ಎರಡು ಸಲ ಜಾರಿತು.

ಮ್ಯಾನೇಜರ್ ಆಗಿ ನಾನು ಬಯಸಿದ್ದು ಇದನ್ನೇ. ಅದು ಕೈಗೆ ಬಂದಾಗ ನನಗೆ ಯಾರ ದನಿಯೂ ಹೊರಡಲಿಲ್ಲ, ನನ್ನದೂ ಸೇರಿ. ಬೀದಿಯಲ್ಲಿ ನಿಂತು ಅಕ್ಕನ ಮುಖ ನೋಡಿದೆ. ಸೀಲ್ ಬೇಕು ಎಂದವಳು ಅವಳು. ಗೆದ್ದವಳೂ ಅವಳೇ ಆಗಿದ್ದಳು. ಅವಳು ಅಮ್ಮನ ಕೈಯನ್ನೇ ನೋಡುತ್ತಿದ್ದಳು, ಆ ಗಂಟು ಮೂರನೆಯ ಸಲ ಜಾರುವ ತನಕ. ಆಮೇಲೆ ಬಟ್ಟೆಯನ್ನು ಅಮ್ಮನ ಕೈಯಿಂದ ತೆಗೆದುಕೊಂಡು, ಬಳೆಗಳನ್ನೂ ಜುಮುಕಿಯನ್ನೂ ಹಲಗೆಯ ಮೇಲೆ ಸುರಿದು, ಆಚಾರ್ರ ಕಡೆ ತಿರುಗಿದಳು.

"ನಂಗೂ ಎಲ್ಲೂ ಸೀಲ್ ಹೊಡೆದಿಲ್ಲ ಆಚಾರ್ರೇ, ನನ್ನ ಹಂಗೇ ಒಪ್ಕೊಂಡವ್ರೆ. ನೀವು ಬೆಂಕಿ ಹಚ್ಚಿ."