ಇಪ್ಪತ್ತು ಯೂನಿಟ್ಟಿನ ಹೋಳಿಗೆ

ನನಗೆ ಸಕ್ಕರೆ ಕಾಯಿಲೆ ಬಂದಾಗ ಎಂಟು ವರ್ಷ. ಕ್ಯಾಲನೂರಿನ ನಮ್ಮ ಮನೆಯಲ್ಲಿ ಆಗ ಫ್ರಿಜ್ ಇರಲಿಲ್ಲ. ಇನ್ಸುಲಿನ್ ಬಾಟ್ಲಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಅಮ್ಮ ನೀರಿನ ಮಡಕೆಯಲ್ಲಿ ತೇಲಿಬಿಡುತ್ತಿದ್ದಳು. ಇಷ್ಟು ಚಿಕ್ಕ ಹುಡುಗಿಗೆ ಎಲ್ಲಿಯ ಸಕ್ಕರೆ ಕಾಯಿಲೆ ಎಂದು ಕೇಳದ ನೆಂಟರಿಲ್ಲ. ಅವರಿಗೆ ಉತ್ತರ ಕೊಟ್ಟು ಕೊಟ್ಟು ಅವಳಿಗೆ ಸಾಕಾಗಿ ಹೋಗಿತ್ತು. ದಿನಕ್ಕೆರಡು ಸಲ ಸೂಜಿ ಚುಚ್ಚುವವಳು ಅವಳೇ. ಜೊತೆಗೆ ಒಂದು ಚಮಚ ನೇರಳೆ ಬೀಜದ ಪುಡಿ. ಅದರ ಒಗರು ಇವತ್ತಿಗೂ ನನ್ನ ನಾಲಿಗೆ ಬಿಟ್ಟಿಲ್ಲ.

ಇಪ್ಪತ್ತೇಳನೇ ವಯಸ್ಸಿಗೆ ನಾನು ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಆ ವರ್ಷ ಸಕ್ಕರೆ ಇದ್ದಕ್ಕಿದ್ದಂತೆ ತಗ್ಗತೊಡಗಿತು. ಕ್ಯಾನಿನ ಮುಂದೆ ನಿಂತಿದ್ದವಳಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು, ಕೈ ನಡುಗುತ್ತಿತ್ತು. ಬೆಲ್ಲ ಬಾಯಿಗೆ ಹಾಕಿಕೊಂಡರೆ ಸರಿಹೋಗುತ್ತಿತ್ತು. ಡಾಕ್ಟರ ಹತ್ತಿರ ಹೋಗದೆ ನಾವೇ ಇನ್ಸುಲಿನ್ ಇಳಿಸಿದೆವು. ನಲವತ್ತು ಯೂನಿಟ್ಟು ಮೂವತ್ತಾಯಿತು, ಇಪ್ಪತ್ತಾಯಿತು. ಇಪ್ಪತ್ತಕ್ಕೆ ಬಂದ ದಿನ ಅಮ್ಮ ಹೋಳಿಗೆ ಮಾಡಿದಳು. ಹತ್ತೊಂಬತ್ತು ವರ್ಷ ನನಗೆ ಮುಟ್ಟಗೊಡದ ಹೋಳಿಗೆಯನ್ನು ತುಪ್ಪ ಹಾಕಿ ತಾನೇ ಮುರಿದು ತಿನ್ನಿಸಿದಳು. ಪುಡಿ ಕೈಬಿಡಲಿಲ್ಲ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು.

ನಾನೂ ನಂಬಿದೆ. ನಂಬುವುದು ಎಷ್ಟು ಹಿತವಾಗಿತ್ತೆಂದರೆ, ಮೂತ್ರದಲ್ಲಿ ನೊರೆ ನಿಲ್ಲುವುದನ್ನೂ ಸಂಜೆಗೆ ಕಾಲು ಊದುವುದನ್ನೂ ಕಂಡೂ ಕಾಣದವಳಂತಿದ್ದೆ. ಊರಿನವರ ಹಾಲಿಗೆ ತೊಟ್ಟು ನೀರು ಬಿದ್ದಿದ್ದರೂ ಹಿಡಿದು ಜಗಳಕ್ಕೆ ನಿಲ್ಲುತ್ತಿದ್ದವಳು ನಾನು. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಬಾವು ಮುಖಕ್ಕೇರಿದ ಮೇಲೆ ಒಬ್ಬಳೇ ಕೋಲಾರದ ಆಸ್ಪತ್ರೆಗೆ ಹೋದೆ. ಇನ್ಸುಲಿನ್ ಯಾವಾಗಿನಿಂದ ಕಮ್ಮಿಯಾಯಿತು ಎಂದು ಡಾಕ್ಟರಮ್ಮ ಕೇಳಿದರು. ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಚುಚ್ಚಿಕೊಂಡ ಇನ್ಸುಲಿನ್ನನ್ನು ಮೈಯಿಂದ ತೆಗೆಯುವ ಕೆಲಸದಲ್ಲಿ ಕಿಡ್ನಿಯ ಪಾಲು ದೊಡ್ಡದಂತೆ. ಕಿಡ್ನಿ ಸೋತರೆ ಅದು ಮೈಯಲ್ಲೇ ಉಳಿಯುತ್ತದೆ, ಹಾಗಾಗಿ ಸ್ವಲ್ಪವೇ ಸಾಕಾಗುತ್ತದೆ. ಅಂದರೆ ಹೋಳಿಗೆ ತಿಂದ ದಿನಕ್ಕಾಗಲೇ ನನ್ನ ಕಿಡ್ನಿಗಳು ಕೆಟ್ಟುಹೋಗಿದ್ದವು.

ಅಮ್ಮನಿಗೆ ಕಿಡ್ನಿಯ ವಿಷಯ ಹೇಳಿದೆ, ಯೂನಿಟ್ಟು ಇಳಿದದ್ದು ಅದರಿಂದಲೇ ಎಂದು ಹೇಳಲಿಲ್ಲ. ಈಗ ವಾರಕ್ಕೆರಡು ಸಲ ಡಯಾಲಿಸಿಸ್. ಕೋಲಾರದ ಬಸ್ಸಿನಲ್ಲಿ ಪಕ್ಕ ಕೂತು ಅವಳು ಹೇಳುವ ಸಮಾಧಾನ ಒಂದೇ. ಕಿಡ್ನಿಗೆ ಯಾರ ದೃಷ್ಟಿ ತಗುಲಿತೋ, ಸಕ್ಕರೆಯನ್ನಂತೂ ಗೆದ್ದೆವು. ಆ ಒಂದು ಗೆಲುವನ್ನು ಅವಳಿಂದ ಕಸಿದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಕಳೆದ ತಿಂಗಳು ಎದುರು ಮನೆಯ ಅಕ್ಕ ತನ್ನ ಆರು ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ಮಗುವಿಗೂ ನನ್ನದೇ ಕಾಯಿಲೆ, ವಾರದ ಹಿಂದೆ ಗೊತ್ತಾಗಿತ್ತು. ಅಮ್ಮ ಒಳಗೆ ಹೋಗಿ ಪುಡಿಯ ಡಬ್ಬ ತಂದು ಅವಳ ಕೈಗಿಟ್ಟಳು.

"ಇದನ್ನ ಕೊಟ್ಕೊಂಡು ಸೂಜಿ ನಿಧಾನಕ್ಕೆ ಕಮ್ಮಿ ಮಾಡ್ಕೊಂಡು ಬಾ ಕಣೇ. ನನ್ನ ಮಗಳಿಗೆ ನಲವತ್ತಿದ್ದಿದ್ದು ಇಪ್ಪತ್ತಾಗ್ಲಿಲ್ವಾ?"

ನಾನು ಎದ್ದು ಡಬ್ಬ ಕಿತ್ತುಕೊಂಡೆ. ಮಗುವಿಗೆ ಒಂದು ಹೊತ್ತೂ ಸೂಜಿ ತಪ್ಪಿಸಬೇಡ, ಡಾಕ್ಟರು ಹೇಳದೆ ಒಂದು ಯೂನಿಟ್ಟೂ ಇಳಿಸಬೇಡ ಎಂದೆ. ಮೂತ್ರ ಯಾವಾಗ ಪರೀಕ್ಷೆ ಮಾಡಿಸಬೇಕೆಂದು ಕೇಳಿ ತಪ್ಪದೆ ಮಾಡಿಸು ಎಂದೆ. ಅವಳು ಗಾಬರಿಯಾಗಿ ಅಮ್ಮನ ಮುಖ ನೋಡಿದಳು. ನಾನು ಅಮ್ಮನ ಕಡೆ ನೋಡದೆ ಉಳಿದದ್ದನ್ನೂ ಹೇಳಿಬಿಟ್ಟೆ.

"ನಂದು ಪುಡಿಯಿಂದ ಇಳೀಲಿಲ್ಲಕ್ಕಾ. ಕಿಡ್ನಿ ಸಾಯ್ತಾ ಇತ್ತು, ಅದಕ್ಕೆ ಇಳೀತು."

ಅವಳು ಮಗುವನ್ನು ಎತ್ತಿಕೊಂಡು ಹೋದಳು. ಅಮ್ಮ ಹೋಗಿ ಹೊಸ್ತಿಲ ಮೇಲೆ ಕೂತಳು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು.

"ಹಂಗಾದ್ರೆ ಆವತ್ತು ನಾನು ಹೋಳಿಗೆ ಮಾಡಿದ್ದು ಯಾತಕ್ಕೆ?"