ಗೋಡೆಯಾಚೆಯ ಇಂಗ್ಲಿಷ್

ಮೂಕಪ್ಪ ಮಾಸ್ತರರ ಹೆಸರಿಗೂ ದನಿಗೂ ಸಂಬಂಧವಿರಲಿಲ್ಲ. ಬೆಟಗೇರಿಯ ತಮ್ಮ ಮನೆಯಲ್ಲಿ ಅವರು ಸಂಜೆ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡಲು ಕುಳಿತರೆ ಗೋಡೆಯಾಚೆಯ ಮನೆಗೂ ಎಲ್ಲವೂ ಕೇಳುತ್ತಿತ್ತು.

ಆ ಮನೆಯಲ್ಲಿ ಖೈರುನಬಿ ಇದ್ದಳು. ಏಳನೆಯ ತರಗತಿ ಓದಿ ಲಕ್ಷ್ಮೇಶ್ವರಕ್ಕೆ ಮದುವೆಯಾಗಿ ಹೋಗಿದ್ದಳು. ಲಾರಿ ಓಡಿಸುತ್ತಿದ್ದ ಗಂಡ ಹುಬ್ಬಳ್ಳಿಯಲ್ಲಿ ಬೇರೆ ಸಂಸಾರ ಹೂಡಿದ ಮೇಲೆ, 1973ರಲ್ಲಿ, ತವರಿಗೆ ಮರಳಿದಳು. ಅಣ್ಣ ದಾದಾಪೀರ ಏನೂ ಕೇಳಲಿಲ್ಲ. ಅತ್ತಿಗೆ ಗುಲಾಬಬಿ ನೂಲು ಸುತ್ತುವ ರಾಟೆಯನ್ನು ಅವಳ ಮುಂದೆ ತಂದಿಟ್ಟಳು. ಮನೆಯಲ್ಲಿ ಅವಳೊಂದಿಗೆ ಯಾರೂ ಜಗಳವಾಡುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ.

ಹಾಗಾಗಿ ಗೋಡೆಯಾಚೆಯ ದನಿ ಶುರುವಾದರೆ ಅವಳು ರಾಟೆ ನಿಲ್ಲಿಸುತ್ತಿದ್ದಳು. ಹುಡುಗರು ‘ಇನ್’, ‘ಆನ್’, ‘ಅಂಡರ್’ ಎಂದು ಕೂಗಿದಂತೆಲ್ಲ ತುಟಿಯೊಳಗೇ ತಾನೂ ಹೇಳಿಕೊಳ್ಳುತ್ತಿದ್ದಳು.

“ರಾಟಿ ಯಾಕ ನಿಂತೈತಿ?” ಎಂದು ಅಡುಗೆಮನೆಯಿಂದ ಗುಲಾಬಬಿ ಕೇಳುವಳು.

“ನೂಲು ಹರದೈತಿ.”

ಎಸ್ಸೆಸ್ಸೆಲ್ಸಿ ಪಾಸಾದರೆ ನರ್ಸ್ ತರಬೇತಿಗೆ ಸೇರಬಹುದೆಂದು ಯಾರೋ ಅಂದದ್ದು ಅವಳ ಮನಸ್ಸಿನಲ್ಲಿ ಉಳಿಯಿತು. ಹಳೆಯ ಪುಸ್ತಕಗಳನ್ನು ತಂದು ಓದಿ ಖಾಸಗಿಯಾಗಿ ಪರೀಕ್ಷೆಗೆ ಕುಳಿತಳು. ಇಂಗ್ಲಿಷ್ ಒಂದು ಬಿಟ್ಟು ಎಲ್ಲ ಆಯಿತು. ಮರುವರ್ಷವೂ ಇಂಗ್ಲಿಷ್ ಹೋಯಿತು. ಹುಡುಗರು ಹೇಳಿದ್ದೆಲ್ಲ ತನಗೆ ಬಾಯಿಪಾಠವಿರುವಾಗ ಎಲ್ಲಿ ತಪ್ಪಿತೆಂದು ಅವಳಿಗೆ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಸೆರಗು ಹೊದ್ದು ಮಾಸ್ತರರ ಕಟ್ಟೆಯ ಹತ್ತಿರ ಹೋಗಿ ನಿಂತಳು.

“ನೀವು ಹೇಳಿದ್ದೆಲ್ಲಾ ಕೇಳೇನ್ರಿ. ಆದ್ರೂ ನಾಪಾಸ ಆಗೇನಿ.”

“ಎಲ್ಲಿ ಕೇಳಿದಿ?”

ಅವಳು ಗೋಡೆ ತೋರಿಸಿದಳು. ಮಾಸ್ತರರು ಪಾಟಿಯನ್ನು ಅವಳ ಕೈಗೆ ಕೊಟ್ಟು, ‘ನಾನು ಗದಗಕ್ಕೆ ಹೋಗಲು ಬಯಸುತ್ತೇನೆ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಹೇಳಿದರು. ವಾಕ್ಯ ಸರಿಯಿತ್ತು, ಆದರೆ ಎರಡೂ ‘ಟು’ಗಳ ಜಾಗದಲ್ಲಿ ಅಂಕಿ ಎರಡರ ಸ್ಪೆಲಿಂಗ್ ಇತ್ತು. ಡಬ್ಬಿಯ ಮೇಲೆ ಬಳಪ ಇಟ್ಟು ಅದು ಎಲ್ಲಿದೆಯೆಂದು ಕೇಳಿದರೆ ‘ಇನ್’ ಎಂದಳು. ಸಂಜೆಯ ಪಾಠದಲ್ಲಿ ಅವರು ಬಳಪ ಒಳಗೆ ಹಾಕಿದ್ದು, ಮೇಲೆ ಇಟ್ಟದ್ದು, ಕೆಳಗೆ ಸರಿಸಿದ್ದು ಎಲ್ಲವನ್ನೂ ಹುಡುಗರು ಕಂಡಿದ್ದರು. ಅವಳಿಗೆ ಬರೀ ಶಬ್ದ ತಲುಪಿತ್ತು.

“ಕೇಳೀದಿ ಖರೆ, ನೋಡಿಲ್ಲ. ಕುಂಡ್ರು.”

ಅಂದಿನಿಂದ ಮಧ್ಯಾಹ್ನ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಪಾಠ ನಡೆಯಿತು. ಮಾಸ್ತರರ ಹೆಂಡತಿ ಕರೆವ್ವ ಪಕ್ಕದಲ್ಲಿ ಜೋಳ ಹಸನು ಮಾಡುತ್ತ ಕುಳಿತಿರುತ್ತಿದ್ದಳು.

“ಹೋಗಾಕ ಅಂತೀವಲ್ಲ, ಅದರಾಗಿನ ‘ಆಕ’ನ ಈ ಟು. ನಾವು ಹಿಂದ ಹಚ್ತೀವಿ, ಅವರು ಮುಂದ ಹಚ್ತಾರ,” ಎಂದರು ಮಾಸ್ತರರು.

“ಹಂಗಾರ ನನಗ ನೂಲು ಸುತ್ತಾಕ ಬರತೈತಿ ಅನ್ನಾಕ ‘ಕ್ಯಾನ್ ಟು’ ಅನ್ಬೇಕೇನ್ರಿ?”

“ಇಲ್ಲ. ಕ್ಯಾನ್ ಬಂದಲ್ಲಿ ಟುಗೆ ಕೆಲಸಿಲ್ಲ.”

ಕರೆವ್ವ ಮೊರದಿಂದ ತಲೆಯೆತ್ತಿದಳು. “ಇಷ್ಟು ದಿನಾ ಮಗ್ಗಲ ಮನ್ಯಾಗ ಅದಾಳ, ಈಕಿ ದನೀನ ನಾ ಕೇಳಿರಲಿಲ್ಲ ನೋಡ್ರಿ.”

ಆ ಸಲ ಖೈರುನಬಿ ಪಾಸಾದಳು. ಬೇರೆ ಊರಲ್ಲಿ ತರಬೇತಿ ಮುಗಿಸಿ, ಮುಂಡರಗಿ ಕಡೆ ನೌಕರಿ ಸಿಕ್ಕ ಸುದ್ದಿ ಹೇಳಲು ಬಂದಾಗ ಮಾಸ್ತರರಿಗೆ ಶಿರಹಟ್ಟಿಗೆ ವರ್ಗವಾಗಿತ್ತು. ಮನೆಗೆ ಬೀಗ ಬಿದ್ದಿತ್ತು.

ಮುಂಡರಗಿಯಲ್ಲಿ ಒಂದು ಕೋಣೆ ಹಿಡಿದಳು. ಹಳ್ಳಿ ಹಳ್ಳಿ ತಿರುಗಿ ಹೆರಿಗೆ ಮಾಡಿಸಿದಳು. ಕೂಸು ಹುಟ್ಟಿದ ಮನೆಯವರು ಚಹಾ ಕೊಟ್ಟು ಬಸ್ಸಿಗೆ ಹತ್ತಿಸುತ್ತಿದ್ದರು. ಸಂಜೆ ರೊಟ್ಟಿ ಬಡಿಯುವಾಗ ಆ ದಿನ ಮಾಡಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುವಳು. ತಪ್ಪಿದರೆ ತಿದ್ದುವವರಿರಲಿಲ್ಲ.

1985ರಲ್ಲಿ ಅಲ್ಲೊಂದು ಕಣ್ಣಿನ ಶಿಬಿರ ನಡೆಯಿತು. ಕನ್ನಡ ಬಾರದ ಡಾಕ್ಟರಮ್ಮ ಒಬ್ಬರು ಬಂದಿದ್ದರು. ಊಟದ ಹೊತ್ತಿನಲ್ಲಿ ಅವರು ಸಲಿಗೆಯಿಂದ, ಯಾರ ಜೊತೆ ಇರುತ್ತೀರಿ ಎಂದು ಇಂಗ್ಲಿಷಿನಲ್ಲೇ ಕೇಳಿದರು. ಖೈರುನಬಿಗೆ ಪ್ರಶ್ನೆ ಪೂರ್ತಿ ಅರ್ಥವಾಯಿತು. ‘ವಿತ್’ ಆದ ಮೇಲೆ ಯಾರದಾದರೂ ಹೆಸರು ಬರಬೇಕೆಂಬುದೂ ಗೊತ್ತಿತ್ತು. ಹುಡುಕಿದಳು.

“ಐ ಲಿವ್ ಇನ್ ಮುಂಡರಗಿ,” ಎಂದಳು.

ಡಾಕ್ಟರಮ್ಮ ಅದೇ ಪ್ರಶ್ನೆಯನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದರು. ಖೈರುನಬಿ ಅದೇ ಉತ್ತರ ಕೊಟ್ಟಳು. ಪಾಪ, ಇವಳಿಗೆ ತಿಳಿಯಲಿಲ್ಲವೆಂಬಂತೆ ಅವರು ನಕ್ಕು ಕೈ ತೊಳೆಯಲು ಎದ್ದರು.

ಮಧ್ಯಾಹ್ನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದ ಹನಮಂತವ್ವ ಎಂಬ ಮುದುಕಿಯನ್ನು ಅವಳು ಕೈಹಿಡಿದು ಚಾಪೆಯ ಮೇಲೆ ಕೂರಿಸಿದಳು. ಮುದುಕಿ ಹಿಡಿದ ಕೈ ಬಿಡಲಿಲ್ಲ.

“ಕತ್ತಲಿ ಅಂದ್ರ ಅಂಜಿಕಿ ಬರತೈತವ್ವ. ಹೊಂಟಿ ಏನ?”

“ಇಲ್ಲ. ಇಲ್ಲೇ ಅದೀನಿ,” ಎಂದು ಖೈರುನಬಿ ಪಕ್ಕದಲ್ಲಿ ಕುಳಿತಳು.