ಎಳೆ ಬಿಸಾಡದ ಮೇಷ್ಟ್ರು

ನಮ್ಮ ಕಂಪ್ಯೂಟರ್ ಮೇಷ್ಟ್ರ ಬೆರಳ ತುದಿಗಳು ಸದಾ ಬೆಂದು ಬಿಳಿಚಿ ಸುಕ್ಕುಗಟ್ಟಿರುತ್ತಿದ್ದವು. ಬೆಳಗ್ಗೆಯೆಲ್ಲ ಕುದಿನೀರಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವುದು, ಮಧ್ಯಾಹ್ನ ಕೈಗೆ ಹರಳೆಣ್ಣೆ ಸವರಿಕೊಂಡು ರಾಮನಗರದ ಮಹಡಿ ಕೋಣೆಯೊಂದರಲ್ಲಿ ನಮಗೆ ಪಾಠ ಹೇಳುವುದು. ಕೀಬೋರ್ಡಿಗೆಲ್ಲ ಜಿಡ್ಡು, ಕೋಣೆಗೆಲ್ಲ ಗೂಡಿನ ನಾತ. ಮರಳವಾಡಿಯಿಂದ ಬಸ್ಸು ಬದಲಿಸಿ ಬರುತ್ತಿದ್ದ ನನಗೆ ಅದೇ ಇಷ್ಟವಾಗಿತ್ತು.

ಅಲ್ಲಿದ್ದವೆಲ್ಲ ಹಳೇ ಕಂಪ್ಯೂಟರುಗಳು. ಮೆಮೊರಿ ಭರ್ತಿಯಾದರೆ ಹೇಳದೆ ಕೇಳದೆ ನಿಂತುಬಿಡುತ್ತಿದ್ದವು. "ನೂಲು ತೆಗೆಯೋನು ಒಂದ್ ಕಡೆ ನಿಂತ್ಕಂಡೇ ಎಲ್ಲಾ ಬಾಣ್ಲೆನೂ ನೋಡ್ಬೇಕು ಕಣವ್ವ. ಎಳೆ ಕಡಿಯೋಕ್ ಮುಂಚೇನೇ ಗೊತ್ತಾಗ್ಬೇಕು" ಎನ್ನುತ್ತಿದ್ದರು ಮೇಷ್ಟ್ರು. ಅದಕ್ಕೇ, ಕಂಪ್ಯೂಟರುಗಳ ಮೇಲೆ ನಿಗಾ ಇಡುವ ಪುಕ್ಕಟೆ ಸಾಫ್ಟ್‌ವೇರ್ ಒಂದನ್ನು ಹಾಕಿಕೊಂಡು ಅದಕ್ಕೆ ಜೋಡಿಸುವ ಪುಟ್ಟ ಪ್ರೋಗ್ರಾಂ, ಪ್ಲಗಿನ್, ತಾವೇ ಬರೆದರು. ಯಾವ ಕಂಪ್ಯೂಟರಿನ ಮೆಮೊರಿ ಎಷ್ಟು ತುಂಬಿದೆ ಎಂಬ ವರದಿ ಅವರ ಮೇಜಿನ ಪರದೆಗೆ ಬರುತ್ತಿತ್ತು; ಅದರ ಪ್ರತಿ ಆಯಾ ಕಂಪ್ಯೂಟರಿನಲ್ಲೂ ಉಳಿಯುತ್ತಿತ್ತು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಸಾಲನ್ನೂ ಬಿಡಿಸಿ ಹೇಳಿದ್ದರು.

"ಹಳೇ ವರದಿ ಅಳ್ಸಾದ್ ಬ್ಯಾಡ್ವಾ ಸಾರ್?" ಎಂದು ಕೇಳಿದೆ.

"ಎಳೆ ಬಿಸಾಕೋ ಮನೆ ಉದ್ಧಾರ ಆಗಕಿಲ್ಲ" ಎಂದು ನಕ್ಕರು. ನೂಲಿನ ತುಂಡನ್ನೂ ಚೀಲಕ್ಕೆ ತುಂಬಿಡುವ ಆಸಾಮಿ.

ಆಮೇಲೊಂದು ದಿನ. ನಾನು ಪೊಲೀಸ್ ಕೆಲಸಕ್ಕೆ ಆನ್‌ಲೈನ್ ಅರ್ಜಿ ಹಾಕಲು ಅಂದೇ ಕೊನೆ. ಜಾತಿ ಪ್ರಮಾಣಪತ್ರ ನನ್ನ ಕೈ ಸೇರಿದ್ದೇ ಅಂದು ಮಧ್ಯಾಹ್ನ. ಮೇಷ್ಟ್ರ ಕೋಣೆಯಲ್ಲೇ ಕೂತು ಅರ್ಧ ತುಂಬಿದ್ದೆ, ಕಂಪ್ಯೂಟರ್ ನಿಂತಿತು. ಒಂದೊಂದಾಗಿ ಎಲ್ಲವೂ ನಿಂತವು. ಎಚ್ಚರಿಸಬೇಕಿದ್ದ ಮೇಷ್ಟ್ರ ಪರದೆ ಎಲ್ಲಕ್ಕಿಂತ ಮೊದಲೇ ನಿಂತಿತ್ತು. ಅವು ಮತ್ತೆ ಎದ್ದೇಳುವಷ್ಟರಲ್ಲಿ ಗಡುವು ಮುಗಿಯಿತು. ಮುಂದಿನ ಸಲಕ್ಕೆ ನನ್ನ ವಯಸ್ಸು ಮೀರುತ್ತಿತ್ತು.

ಕೂಡಿಟ್ಟ ವರದಿಗಳೇ ಮೆಮೊರಿಯನ್ನೆಲ್ಲ ನುಂಗಿದ್ದವೆಂದು ಮರುದಿನ ಅವರೇ ಕಂಡುಹಿಡಿದರು. "ನಿನ್ ಅನ್ನಕ್ಕೆ ಕಲ್ಲಾಕ್ಬುಟ್ಟೆ ಕಣವ್ವ" ಎಂದವರು ಕೋಣೆಗೆ ಬೀಗ ಹಾಕಿದರು.

ಮೊದಲೇ ಇದ್ದ ಉಬ್ಬಸ ಆ ಚಳಿಗಾಲದಲ್ಲಿ ಅವರನ್ನು ಹಾಸಿಗೆಗೆ ಕೆಡವಿತು. ನಾನು ಅವರ ಮನೆಯವರಿಂದ ಕೋಣೆಯ ಬೀಗದ ಕೈ ಪಡೆದು ಪ್ಲಗಿನ್ ಸರಿಮಾಡಿ, ಅದು ನಡೆಯುವುದನ್ನು ಫೋನಿನಲ್ಲಿ ಹಿಡಿದುಕೊಂಡು ಅವರ ಬಳಿ ಹೋದೆ. ಹಳೆಯ ವರದಿ ಅಳಿಸುವ ಎರಡೇ ಸಾಲು ಸೇರಿಸಿದ್ದೆ, ಅವರು ಕಲಿಸಿದ ಹಾಗೆಯೇ.

"ನಡೀತಾ ಐತೆ ಸಾರ್. ಒಸಿ ನೋಡಿ."

"ಇನ್ ಯಾರಿಗ್ ಬೇಕು" ಎಂದು ಗೋಡೆಯ ಕಡೆ ತಿರುಗಿದರು.

ನನಗೆ ಸಿಟ್ಟಿಲ್ಲ ಅಂದೆ. ನನಗೆ ಬರುವ ವಿದ್ಯೆಯೆಲ್ಲ ನೀವು ಕೊಟ್ಟದ್ದು ಅಂದೆ. ಅವರು ಈ ಕಡೆ ತಿರುಗಲಿಲ್ಲ. ನಾಲ್ಕು ದಿನಕ್ಕೆ ಹೋಗಿಬಿಟ್ಟರು. ಕೆಲಸ ತಪ್ಪಿದ ಸಂಕಟ ಹೇಗೋ ಆರಿತು. ನನ್ನ ಬದುಕು ಕೆಡಿಸಿದ್ದು ತಾವೇ ಎಂದುಕೊಂಡೇ ಅವರು ಸತ್ತರಲ್ಲ, ಅದಕ್ಕೆ ನಾನು ಏನು ಮಾಡಲಿ?